ಕರಡಿಗೆ ಯಾವ ಕೋವಿ?

ಮೂಡಿಗೆರೆಯಿಂದ ಬಣಕಲ್, ಕೊಟ್ಟಿಗೆಹಾರಗಳನ್ನು ಹಾದು ಚಾರ್ಮಾಡಿ ಘಟ್ಟಕ್ಕೆ ಇಳಿಯುವ ರಸ್ತೆಯ ಎರಡು ಪಕ್ಕಗಳಲ್ಲಿಯೂ ಕಾಫಿತೋಟಗಳು ಹಬ್ಬಿವೆ. ಇಲ್ಲಿಯ ಹಳೆಯ ತೋಟದ ಮನೆಗಳಲ್ಲಿ ಪೈರಿನ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಯೊಂದು ಇರುವುದು ಅಪೂರ್ವವೇನಲ್ಲ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ರಸೀದಿ ಪಡೆಯುವುದು, ಮುಗಿದ ಮೇಲೆ ಮರಳಿ ತಂದು ಎಣ್ಣೆ ಹಚ್ಚಿಡುವುದು, ಇಷ್ಟೇ ಈಗ ಆ ಕೋವಿಯ ದಿನಚರಿ. ಆದರೆ ಮಳೆಗಾಲದ ಸಂಜೆಗಳಲ್ಲಿ ಹಿರಿಯರ ಮಾತು ಬೇಟೆಯ ಕಡೆ ಹೊರಳಿತೆಂದರೆ ಹಳೆಯ ವಾದವೊಂದು ತಲೆಯೆತ್ತುತ್ತದೆ: ಹಂದಿಗೆ ಯಾವ ಕೋವಿ, ಹುಲಿಗೆ ಯಾವ ಕೋವಿ, ಕರಡಿಗೆ ಯಾವ ಕೋವಿ?

ಕರಡಿಯ ಬೇಟೆ ಇಂದು ಕಾನೂನಿನ ಪ್ರಕಾರ ಅಪರಾಧ. ಆದ್ದರಿಂದ ಈ ಪ್ರಶ್ನೆಯನ್ನು ನಾವು ಎತ್ತಿಕೊಳ್ಳುತ್ತಿರುವುದು ಬೇಟೆಗೆ ಹೊರಡುವುದಕ್ಕಲ್ಲ. ಪ್ರೌಢಶಾಲೆಯ ಭೌತಶಾಸ್ತ್ರದ ಎರಡು ಮೂರು ನಿಯಮಗಳು ಕೈಯಲ್ಲಿದ್ದರೆ ಈ ವಾದವನ್ನು ನಾವೇ ತೀರ್ಮಾನಿಸಬಹುದು. ಆ ತೀರ್ಮಾನ ಕಾಡಂಚಿನಲ್ಲಿ ಬಾಳುವವರ ಪ್ರಾಣಕ್ಕೂ ಸಂಬಂಧಪಟ್ಟದ್ದು ಎಂಬುದನ್ನು ವಾಚಕರೇ ಮುಂದೆ ಕಾಣುವರು.

ನಮ್ಮ ಕರಡಿ

ಮೊದಲು ಪ್ರಾಣಿಯ ಪರಿಚಯವಾಗಲಿ. ಅಮೆರಿಕದ ಬೇಟೆಯ ಪುಸ್ತಕಗಳು ‘ಕಪ್ಪು ಕರಡಿ’ ಎನ್ನುವುದು ಬೇರೊಂದು ಜಾತಿ. ಹಿಮಾಲಯದ ಕಪ್ಪು ಕರಡಿಯೂ ಬೇರೆ. ಕರ್ನಾಟಕದಲ್ಲಿರುವುದು ಒಂದೇ ಕರಡಿ. ಶಾಸ್ತ್ರದಲ್ಲಿ ಅದರ ಹೆಸರು ಮೆಲುರ್ಸಸ್ ಅರ್ಸಿನಸ್. 1791ರಲ್ಲಿ ಇದಕ್ಕೆ ಹೆಸರಿಟ್ಟ ಜಾರ್ಜ್ ಷಾ ಎಂಬ ಪ್ರಾಣಿಶಾಸ್ತ್ರಜ್ಞನು ಇದರ ಉದ್ದನೆಯ ಉಗುರುಗಳನ್ನು ನೋಡಿ ಮೋಸಹೋಗಿ, ದಕ್ಷಿಣ ಅಮೆರಿಕದ ಮರಗಳಲ್ಲಿ ನೇತಾಡುವ ಸ್ಲಾತ್ ಎಂಬ ಪ್ರಾಣಿಯ ಗುಂಪಿಗೆ ಸೇರಿಸಿಬಿಟ್ಟನು. ತಪ್ಪು ತಿದ್ದಿದ್ದಾಯಿತು, ಆದರೂ ಇಂಗ್ಲಿಷಿನಲ್ಲಿ ಅದಕ್ಕೆ ಸ್ಲಾತ್ ಕರಡಿ ಎಂಬ ಹೆಸರೇ ನಿಂತಿತು.

ಈ ಕರಡಿಯ ಮುಖ್ಯ ಆಹಾರ ಗೆದ್ದಲು, ಇರುವೆ, ಜೇನು ಮತ್ತು ಕಾಡಿನ ಹಣ್ಣುಗಳು. ಮೇಲ್ದವಡೆಯ ಮುಂಭಾಗದ ನಡುವಣ ಎರಡು ಹಲ್ಲುಗಳು ಇದಕ್ಕಿಲ್ಲ. ಆ ಸಂದಿನಿಂದ ಉಸಿರೆಳೆದು ಗೆದ್ದಲನ್ನು ಹೀರಿಕೊಳ್ಳುತ್ತದೆ. ಹುತ್ತವನ್ನು ಬಗೆಯಲೆಂದು ಬೆಳೆದ ಉಗುರುಗಳು ಏಳೆಂಟು ಸೆಂಟಿಮೀಟರು ಉದ್ದವಾಗಿರುತ್ತವೆ. ಗಂಡು ಕರಡಿ 100 ಕಿಲೋಗ್ರಾಂ ಮೀರಿ ತೂಗಬಲ್ಲದು. ಮೈಯೆಲ್ಲ ಒರಟಾದ ಜೋಲುಗೂದಲು. ಎದೆಯ ಮೇಲೆ ನಸುಬಿಳುಪಿನ ಕಮಾನಿನಂಥ ಗುರುತು. ಮರಿಗಳನ್ನು ತಾಯಿ ಬೆನ್ನಿನ ಮೇಲೆ ಕೂರಿಸಿಕೊಂಡು ತಿರುಗುತ್ತದೆ.

ಮಳೆ ಬಹಳವಾಗಿ ಸುರಿಯುವ ಬಣಕಲ್ಲಿನ ಕಡೆಗಿಂತ, ಚಿಕ್ಕಮಗಳೂರು ಜಿಲ್ಲೆಯ ಪೂರ್ವಕ್ಕಿರುವ ಕಡೂರು, ಸಖರಾಯಪಟ್ಟಣದ ಒಣಕಾಡು ಕಲ್ಲುಗುಡ್ಡಗಳು ಇದಕ್ಕೆ ಹೆಚ್ಚು ಹಿತವಾದವು. ಕಿವಿ ಕಣ್ಣುಗಳು ಇದರ ಮೂಗಿನಷ್ಟು ಚುರುಕಲ್ಲ. ಹುತ್ತ ಬಗೆಯುವುದರಲ್ಲಿ ಮೈಮರೆತಾಗ ಮನುಷ್ಯನು ತೀರ ಹತ್ತಿರ ಬರುವವರೆಗೂ ಇದಕ್ಕೆ ತಿಳಿಯದು. ತಿಳಿದೊಡನೆ ಓಡುವುದಕ್ಕಿಂತ ಮೇಲೆ ಬೀಳುವುದೇ ಹೆಚ್ಚು. ಹುಲಿಯಿರುವ ಕಾಡಿನಲ್ಲಿ ಬದುಕಿ ಬಂದ ಪ್ರಾಣಿಗೆ ಎದುರಿಸಿ ನಿಲ್ಲುವುದೇ ರಕ್ಷಣೆಯಾಗಿ ಪರಿಣಮಿಸಿದೆ ಎಂದು ಪ್ರಾಣಿಶಾಸ್ತ್ರಜ್ಞರ ಅಭಿಪ್ರಾಯ. ಇದರ ಏಟು ಬೀಳುವುದು ಬಹುಮಟ್ಟಿಗೆ ಮುಖಕ್ಕೆ ಮತ್ತು ತಲೆಗೆ.

ಶಕ್ತಿ ಎಷ್ಟು, ಅದರ ಹಂಚಿಕೆ ಹೇಗೆ?

ಈಗ ಕೋವಿಗೆ ಬರೋಣ. ಮಲೆನಾಡಿನಲ್ಲಿ ಹೆಚ್ಚಾಗಿ ಇದ್ದದ್ದು ಕೇಪಿನ ಕೋವಿ ಮತ್ತು ತೋಟಾ ಕೋವಿ. ಕೇಪಿನ ಕೋವಿಗೆ ನಳಿಗೆಯ ಬಾಯಿಂದಲೇ ಮದ್ದು ಸುರಿದು, ಗಜದಿಂದ ಜಡಿದು, ಗುಂಡನ್ನೋ ಚರೆಯನ್ನೋ ಹಾಕಿ, ಹಿಂದೆ ಕೇಪು ಸಿಕ್ಕಿಸಬೇಕು. ತೋಟಾ ಕೋವಿಗಾದರೋ ಮದ್ದು, ಚರೆ, ಕೇಪು ಮೂರೂ ಒಂದೇ ತೋಟಾದೊಳಗೆ ಸಿದ್ಧವಾಗಿರುತ್ತವೆ. ಇವೆರಡರ ನಳಿಗೆಗಳೂ ಒಳಗೆ ನುಣುಪು.

‘ಹನ್ನೆರಡು ಬೋರು’ ಎಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ. ಅದರ ಅರ್ಥ ಹೀಗೆ: ಒಂದು ಪೌಂಡು ಸೀಸವನ್ನು ಕರಗಿಸಿ ಸಮನಾದ ಹನ್ನೆರಡು ಗುಂಡುಗಳನ್ನು ಎರಕಹೊಯ್ದರೆ ಅವುಗಳಲ್ಲಿ ಒಂದು ಆ ನಳಿಗೆಗೆ ಸರಿಹೊಂದುತ್ತದೆ. ಹಾಗಾದರೆ ಗುಂಡಿನ ತೂಕ ಸುಮಾರು 38 ಗ್ರಾಂ, ವ್ಯಾಸ 18.5 ಮಿಲಿಮೀಟರು. ಇದು ಸೆಕೆಂಡಿಗೆ 380 ಮೀಟರು ವೇಗದಿಂದ ಹೊರಡುವುದೆಂದು ಇಟ್ಟುಕೊಳ್ಳೋಣ. ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಅರ್ಧಮಾಡಿದರೆ ಚಲನಶಕ್ತಿ ದೊರೆಯುತ್ತದೆ. ಇಲ್ಲಿ ಅದು ಸುಮಾರು 2,700 ಜೌಲ್.

ಅದೇ ನಳಿಗೆಗೆ ಹಕ್ಕಿ ಹೊಡೆಯುವ ಆರನೆಯ ನಂಬರಿನ ಚರೆ ತುಂಬಿದರೆ ಏನಾಗುವುದು? 30 ಗ್ರಾಂ ಚರೆಯಲ್ಲಿ ಸುಮಾರು 285 ಕಾಳುಗಳಿರುತ್ತವೆ. ಅವುಗಳ ವೇಗ ಸೆಕೆಂಡಿಗೆ 300 ಮೀಟರಿಗೆ ಇಳಿದಿದ್ದರೂ ಒಟ್ಟು ಚಲನಶಕ್ತಿ 1,350 ಜೌಲ್. ಕೇಳಲು ಇದು ದೊಡ್ಡ ಸಂಖ್ಯೆಯೇ. ಆದರೆ 285 ಭಾಗವಾದ ಮೇಲೆ ಒಂದೊಂದು ಕಾಳಿಗೆ ಸಿಕ್ಕುವುದು ಐದು ಜೌಲಿಗೂ ಕಡಿಮೆ. ಆ ಕಾಳು ಹಗುರವಾದ್ದರಿಂದ ಕರಡಿಯ ಕೂದಲು, ದಪ್ಪ ಚರ್ಮ, ಕೊಬ್ಬುಗಳಲ್ಲಿಯೇ ತನ್ನ ಶಕ್ತಿಯನ್ನೆಲ್ಲ ಕಳೆದುಕೊಂಡು ನಿಲ್ಲುತ್ತದೆ. ಪ್ರಾಣಿ ಸಾಯುವುದಿಲ್ಲ, ಗಾಯವಾಗುತ್ತದೆ, ಕೀವಾಗುತ್ತದೆ, ಕೆಲವೊಮ್ಮೆ ಕಣ್ಣು ಹೋಗುತ್ತದೆ. ದೊಡ್ಡ ಚರೆಯಾದ ಎಲ್.ಜಿ. ಹಾಕಿದರೆ ಕಾಳಿನ ಸಂಖ್ಯೆ ಏಳೆಂಟಕ್ಕೆ ಇಳಿದು ಒಂದೊಂದರ ಶಕ್ತಿ ಹೆಚ್ಚುವುದು ನಿಜ. ಆದರೆ ಅವು ದೂರ ಹೋದಂತೆ ಹರಡಿಕೊಳ್ಳುವುದರಿಂದ ಎಷ್ಟು ತಾಗುವುವು, ಎಲ್ಲಿ ತಾಗುವುವು ಎಂಬುದು ಅದೃಷ್ಟದ ಮಾತು.

ಇಲ್ಲಿ ನಮ್ಮ ಮೊದಲನೆಯ ಪಾಠವಿದೆ. ಒಟ್ಟು ಶಕ್ತಿ ಎಷ್ಟು ಎಂಬುದೊಂದೇ ಸಾಲದು. ಅದು ಹೇಗೆ ಹಂಚಿಹೋಗಿದೆ, ಎಷ್ಟು ಕ್ಷೇತ್ರದ ಮೇಲೆ ಬೀಳುತ್ತದೆ ಎಂಬುದೂ ಮುಖ್ಯ. ಸೆಕೆಂಡಿಗೆ 30 ಮೀಟರು ವೇಗದಲ್ಲಿ ಬರುವ 160 ಗ್ರಾಮಿನ ಕ್ರಿಕೆಟ್ ಚೆಂಡಿನಲ್ಲಿ 72 ಜೌಲ್ ಶಕ್ತಿ ಇರುತ್ತದೆ. ಆದರೂ ಅದನ್ನು ಕೈಯಲ್ಲಿ ಹಿಡಿಯುತ್ತೇವೆ.

ರೈಫಲ್ ಎಂದರೇನು?

ರೈಫಲಿನ ನಳಿಗೆ ಒಳಗೆ ನುಣುಪಾಗಿಲ್ಲ. ಸುರುಳಿಯಾಕಾರದ ತೋಡುಗಳನ್ನು ಅದರಲ್ಲಿ ಕೊರೆದಿರುತ್ತಾರೆ. ಗುಂಡು ಆ ತೋಡುಗಳಿಗೆ ಕಚ್ಚಿಕೊಂಡು ತಿರುಗುತ್ತ ಹೊರಬರುತ್ತದೆ. ಒಂದು ಅಡಿ ಉದ್ದಕ್ಕೆ ತೋಡು ಒಂದು ಸುತ್ತು ಸುತ್ತಿದ್ದು, ಗುಂಡಿನ ವೇಗ ಸೆಕೆಂಡಿಗೆ 2,200 ಅಡಿಯಾದರೆ, ಗುಂಡು ಸೆಕೆಂಡಿಗೆ 2,200 ಸುತ್ತು ತಿರುಗುತ್ತದೆ. ನಿಂತ ಬುಗುರಿ ಉರುಳಿಬೀಳುವುದು, ತಿರುಗುವ ಬುಗುರಿ ನೆಟ್ಟಗೆ ನಿಲ್ಲುವುದು ಎಲ್ಲರೂ ಕಂಡದ್ದೇ. ಅದೇ ಕಾರಣದಿಂದ ರೈಫಲಿನ ಉದ್ದನೆಯ ಗುಂಡು ಅಡ್ಡಬೀಳದೆ ಮೂತಿ ಮುಂದಾಗಿಯೇ ಸಾಗುತ್ತದೆ. ಮೂತಿ ಚಿಕ್ಕದಾದಷ್ಟೂ ಗಾಳಿಯ ತಡೆ ಕಡಿಮೆ. ವೇಗವು ಬಹುದೂರ ಉಳಿಯುತ್ತದೆ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಯ್ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದ ಮೇಲೆ ಈ ವೇಗ ಮತ್ತಷ್ಟು ಹೆಚ್ಚಿತು.

ನಮ್ಮ ಸೀಮೆಯ ಕರಡಿಯ ಕಥೆಗೆ ಸಂಬಂಧಪಟ್ಟ ರೈಫಲ್ ಒಂದುಂಟು: ಕೆನೆತ್ ಆಂಡರ್ಸನ್ ಹಿಡಿಯುತ್ತಿದ್ದ ಪಾಯಿಂಟ್ 405 ವಿಂಚೆಸ್ಟರ್, 1895ರ ಮಾದರಿ. ಬೆಂಗಳೂರಿನಲ್ಲಿ ನೆಲಸಿದ್ದ ಆಂಡರ್ಸನ್‌ರು ಅರಸೀಕೆರೆಯ ಬೆಟ್ಟಗಳಿಂದ ಸಖರಾಯಪಟ್ಟಣದ ಕಾಡಿನವರೆಗೆ ಹಾವಳಿಯೆಬ್ಬಿಸಿದ ಒಂದು ಕರಡಿಯ ವೃತ್ತಾಂತವನ್ನು 1957ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಅವರ ಲೆಕ್ಕದ ಪ್ರಕಾರ ಆ ಕರಡಿಯಿಂದ ಸತ್ತವರು ಹನ್ನೆರಡು ಮಂದಿ, ಗಾಯಗೊಂಡವರು ಅದರ ಇಮ್ಮಡಿ. ಕೊನೆಗೆ ಆಂಡರ್ಸನ್‌ರೇ ಅದನ್ನು ಕೊಂದರು. ಅದು ಹಿಂದೊಮ್ಮೆ ಮನುಷ್ಯರ ಕೈಯಲ್ಲಿ ಗಾಯಗೊಂಡು ಹಾಗಾಗಿರಬೇಕೆಂಬ ಊಹೆಯುಂಟು. ಆಂಡರ್ಸನ್‌ರ ಕಾಡಿನ ಕಥೆಗಳನ್ನು ಮೂಡಿಗೆರೆಯಲ್ಲಿ ನೆಲಸಿದ್ದ ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದುದರಿಂದ ಆ ಹೆಸರು ಈ ಭಾಗದಲ್ಲಿ ಮನೆಮಾತಾಗಿದೆ.

ಆ ರೈಫಲಿನ ಗುಂಡಿನ ತೂಕ 300 ಗ್ರೇನ್, ಎಂದರೆ 19.4 ಗ್ರಾಂ. ವೇಗ ಸೆಕೆಂಡಿಗೆ 2,200 ಅಡಿ, ಎಂದರೆ ಸುಮಾರು 670 ಮೀಟರು. ಚಲನಶಕ್ತಿ 4,300 ಜೌಲಿಗೂ ಮಿಕ್ಕುತ್ತದೆ. ಹನ್ನೆರಡು ಬೋರಿನ ಗುಂಡಿಗೆ ಹೋಲಿಸಿದರೆ ತೂಕ ಅರ್ಧ, ಶಕ್ತಿ ಒಂದೂವರೆ ಪಟ್ಟು. ವೇಗದ ವರ್ಗವನ್ನು ತೆಗೆದುಕೊಳ್ಳುವುದರ ಫಲ ಇದು.

ಗುಂಡಿನ ರಚನೆಯೂ ಗಮನಾರ್ಹ. ಬೇಟೆಯ ಗುಂಡಿನ ಮೂತಿಯಲ್ಲಿ ಮೆತ್ತನೆಯ ಸೀಸವನ್ನು ಬಿಟ್ಟು ಉಳಿದ ಭಾಗಕ್ಕೆ ಗಟ್ಟಿಲೋಹದ ಕವಚ ತೊಡಿಸುತ್ತಿದ್ದರು. ತಾಗಿದೊಡನೆ ಮೂತಿ ಅಣಬೆಯಂತೆ ಅರಳಿ, ಶಕ್ತಿಯನ್ನೆಲ್ಲ ದೇಹದೊಳಗೇ ಬಿಡುತ್ತಿತ್ತು. ಕಲ್ಕತ್ತೆಯ ಬಳಿಯ ದಂ ದಂ ಎಂಬಲ್ಲಿ ಇಂಥ ಗುಂಡುಗಳು ಸೈನ್ಯಕ್ಕಾಗಿ ತಯಾರಾದುವು. 1899ರ ಹೇಗ್ ಘೋಷಣೆಯು ಯುದ್ಧದಲ್ಲಿ ಅವುಗಳ ಬಳಕೆಯನ್ನು ನಿಷೇಧಿಸಿತು. ಮನುಷ್ಯನಿಗೆ ಕ್ರೂರವೆಂದು ಬಿಟ್ಟ ಗುಂಡನ್ನು ಬೇಟೆಗಾರರು ಮೃಗಕ್ಕೆ ದಯೆಯದೆಂದು ಆರಿಸಿಕೊಂಡರು. ಅದು ಬೇಗ ಕೊಲ್ಲುವುದೆಂಬುದೇ ಅವರ ಸಮರ್ಥನೆ.

ಗುಂಡು ಕರಡಿಯನ್ನು ಕೆಡವಬಲ್ಲದೆ?

‘ಒಂದೇ ಈಡಿಗೆ ಕರಡಿ ಹಾರಿಬಿತ್ತು’ ಎಂಬ ಮಾತು ಬೇಟೆಯ ಕಥೆಗಳಲ್ಲಿ ಸಾಮಾನ್ಯ. ಇದನ್ನು ಲೆಕ್ಕಕ್ಕೆ ಹಚ್ಚೋಣ. ತಳ್ಳುವ ವಿಷಯ ಬಂದಾಗ ನೋಡಬೇಕಾದುದು ಸಂವೇಗ, ಎಂದರೆ ದ್ರವ್ಯರಾಶಿ ಮತ್ತು ವೇಗಗಳ ಗುಣಲಬ್ಧ. ರೈಫಲಿನ ಗುಂಡಿನ ಸಂವೇಗ 0.0194ನ್ನು 670ರಿಂದ ಗುಣಿಸಿದಾಗ ಬರುವ 13 ಮಾನಗಳು. 100 ಕಿಲೋಗ್ರಾಂ ತೂಕದ ಕರಡಿ ಸೆಕೆಂಡಿಗೆ 8 ಮೀಟರಿನಂತೆ ಓಡಿಬರುತ್ತಿದೆ ಎನ್ನಿ; ಅದರ ಸಂವೇಗ 800. ಗುಂಡು ಎದುರಿನಿಂದ ತಾಗಿ ಒಳಗೇ ಉಳಿದರೆ 800ರಲ್ಲಿ 13 ಕಳೆದು 787 ಉಳಿಯುತ್ತದೆ. ಕರಡಿಯ ವೇಗ 8 ಮೀಟರಿನಿಂದ 7.87ಕ್ಕೆ ಇಳಿಯುತ್ತದೆ. ಬರಿಯ ತಳ್ಳಿಕೆಯಿಂದಲೇ ಅದನ್ನು ನಿಲ್ಲಿಸಬೇಕಾದರೆ ಅರುವತ್ತಕ್ಕಿಂತ ಹೆಚ್ಚು ಗುಂಡುಗಳು ಬೇಕು!

ಇದನ್ನು ಇನ್ನೊಂದು ಬಗೆಯಿಂದಲೂ ನೋಡಬಹುದು. ನ್ಯೂಟನ್ನನ ಮೂರನೆಯ ನಿಯಮದಂತೆ ಗುಂಡು ಮುಂದಕ್ಕೆ ಪಡೆದಷ್ಟು ಸಂವೇಗವನ್ನು ಕೋವಿಯೂ ಹಿಂದಕ್ಕೆ ಪಡೆಯುತ್ತದೆ. 3.7 ಕಿಲೋಗ್ರಾಂ ತೂಕದ ರೈಫಲ್ ಸೆಕೆಂಡಿಗೆ 3.5 ಮೀಟರು ವೇಗದಿಂದ ಹೆಗಲಿಗೆ ಒದೆಯುತ್ತದೆ. ಮದ್ದಿನ ಅನಿಲದ ಪಾಲನ್ನು ಸೇರಿಸಿದರೆ ಇನ್ನೂ ಸ್ವಲ್ಪ ಹೆಚ್ಚು. ಹೊಡೆದವನನ್ನೇ ಕೆಡವದ ತಳ್ಳಿಕೆ ಅವನಿಗಿಂತ ಭಾರವಾದ ಕರಡಿಯನ್ನು ಕೆಡವಲಾರದು.

ಹಾಗಾದರೆ ಕರಡಿ ಬೀಳುವುದು ಹೇಗೆ? ಗುಂಡು ಮಿದುಳನ್ನೋ ಬೆನ್ನುಹುರಿಯನ್ನೋ ಹೊಕ್ಕರೆ ಮಾತ್ರ ಆ ಕ್ಷಣವೇ ಬೀಳುತ್ತದೆ. ಹೃದಯವೇ ತೂತಾದರೂ ಮಿದುಳಿನಲ್ಲಿ ಉಳಿದಿರುವ ಆಮ್ಲಜನಕದಿಂದ ಪ್ರಾಣಿ ಕೆಲವು ಸೆಕೆಂಡುಗಳ ಕಾಲ ಓಡಬಲ್ಲದು, ಉಗುರು ಬೀಸಬಲ್ಲದು. ಓಡಿಬರುವ ಕರಡಿಯ ತಲೆ ಏರಿಳಿಯುತ್ತಿರುತ್ತದೆ. ಜೋಲುಗೂದಲಿನಿಂದ ಮೈಯ ಅಂಚು ಯಾವುದು, ಕೂದಲು ಯಾವುದು ಎಂಬುದು ಮಬ್ಬಿನಲ್ಲಿ ತಿಳಿಯುವುದೇ ಇಲ್ಲ.

ಇಪ್ಪತ್ತು ಮೀಟರಿನ ಲೆಕ್ಕ

ಅಮೆರಿಕದಲ್ಲಿ ರೈಫಲನ್ನು ಆರಿಸುವವರು ನೂರು, ಇನ್ನೂರು ಮೀಟರು ದೂರದಲ್ಲಿ ಗುಂಡು ಎಷ್ಟು ಇಳಿಯುತ್ತದೆ ಎಂದು ವಿಚಾರಿಸುತ್ತಾರೆ. ಕಾಫಿಗಿಡ, ಮೆಣಸಿನ ಬಳ್ಳಿ, ನೆರಳಿನ ಮರ, ಅದರಾಚೆಯ ಹಳು, ಇವುಗಳ ನಡುವೆ ದೃಷ್ಟಿ ಇಪ್ಪತ್ತು ಮೀಟರು ಹರಿದರೆ ಹೆಚ್ಚು. ಆ ದೂರವನ್ನು ರೈಫಲಿನ ಗುಂಡು 0.03 ಸೆಕೆಂಡಿನಲ್ಲಿ ದಾಟುತ್ತದೆ. ಅಷ್ಟರಲ್ಲಿ ಗುರುತ್ವದಿಂದ ಅದು ಇಳಿಯುವುದು ಕೇವಲ 4 ಮಿಲಿಮೀಟರು. ನುಣುಪು ನಳಿಗೆಯ ಗುಂಡು ಕೂಡ ಒಂದೂವರೆ ಸೆಂಟಿಮೀಟರಿಗಿಂತ ಹೆಚ್ಚು ಇಳಿಯದು. ಎಂದರೆ ರೈಫಲಿನ ಅತಿ ದೊಡ್ಡ ಹೆಗ್ಗಳಿಕೆಯಾದ ದೂರದ ನಿಖರತೆಗೆ ಇಲ್ಲಿ ಬೆಲೆಯೇ ಇಲ್ಲ.

ಬೆಲೆಯಿರುವುದು ಕಾಲಕ್ಕೆ. ಸೆಕೆಂಡಿಗೆ 8 ಮೀಟರಿನಂತೆ ಬರುವ ಕರಡಿ ಇಪ್ಪತ್ತು ಮೀಟರನ್ನು ಎರಡೂವರೆ ಸೆಕೆಂಡಿನಲ್ಲಿ ಕ್ರಮಿಸುತ್ತದೆ. ಕಂಡದ್ದು ಕರಡಿಯೆಂದು ಅರಿತು, ಕೋವಿ ಏರಿಸಿ, ಗುರಿ ಹಿಡಿದು ಕುದುರೆ ಎಳೆಯುವುದಕ್ಕೆ ಪಳಗಿದವನಿಗೂ ಒಂದೂವರೆ ಸೆಕೆಂಡು ಬೇಕೆನ್ನಿ. ಅಷ್ಟರಲ್ಲಿ ಕರಡಿ 12 ಮೀಟರು ಬಂದಾಯಿತು. ಉಳಿದದ್ದು ಎಂಟು ಮೀಟರು, ಒಂದು ಸೆಕೆಂಡು. ಗುಂಡು ಹೃದಯಕ್ಕೆ ತಾಗಿದರೂ ಕರಡಿಗೆ ಇನ್ನೂ ಕೆಲವು ಸೆಕೆಂಡುಗಳ ಬಲವಿದೆ ಎಂಬುದನ್ನು ಈಗ ತಾನೆ ನೋಡಿದೆವು. ಕೇಪಿನ ಕೋವಿಯವನಿಗೆ ಎರಡನೆಯ ಈಡಿನ ಮಾತೇ ಇಲ್ಲ. ಹಿಂದಿನ ಕಾಲದಲ್ಲಿ ಹಳು ಸೋವುವವರ ಕೂಗಿಗೆ ಹೊರಬಿದ್ದ ಕರಡಿಯನ್ನು ಬಿಲ್ಲಿಗೆ ನಿಂತವರು ಹೊಡೆದು, ಗಾಯಗೊಂಡು ತಪ್ಪಿಸಿಕೊಂಡ ಮೃಗದಿಂದ ಮರುದಿನ ಸೌದೆಗೆ ಹೋದ ಬೇರೊಬ್ಬರು ಪೆಟ್ಟು ತಿನ್ನುವಂತಾದರೆ ಆಶ್ಚರ್ಯವೇನು?

ಆದ್ದರಿಂದ ಹಿರಿಯರ ವಾದಕ್ಕೆ ಭೌತಶಾಸ್ತ್ರ ಕೊಡುವ ಉತ್ತರ ಇದು: ಚರೆಯ ಕೋವಿ ಖಂಡಿತ ಅಲ್ಲ, ಬೇಟೆ ನಡೆಯುತ್ತಿದ್ದ ಕಾಲಕ್ಕೆ ಭಾರವಾದ, ಅರಳುವ ಗುಂಡಿನ ರೈಫಲ್ ಉಳಿದವುಗಳಿಗಿಂತ ಮೇಲು. ಆದರೆ ಹತ್ತಿರದಿಂದ ಎರಗುವ ಕರಡಿಯ ಎದುರಿಗೆ ಹಿಡಿದವನನ್ನು ಖಂಡಿತವಾಗಿ ಕಾಪಾಡುವ ಕೋವಿ ಯಾವುದೂ ಇಲ್ಲ. ಕಾಪಾಡುವುದು ದೂರ ಒಂದೇ.

ಇಂದಿನ ಕೋವಿ

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಇಂದು ಕರಡಿಯ ಹೆಸರಿದೆ. ಪೈರಿನ ರಕ್ಷಣೆಯ ಪರವಾನಗಿ ಇದ್ದಮಾತ್ರಕ್ಕೆ ಕರಡಿಯನ್ನು ಹೊಡೆಯುವ ಅಧಿಕಾರ ಬರುವುದಿಲ್ಲ. ಮನುಷ್ಯರ ಪ್ರಾಣಕ್ಕೆ ಅಪಾಯಕಾರಿಯಾದ ಪ್ರಾಣಿಯನ್ನು ಕೊಲ್ಲಿಸಬೇಕಾದರೂ, ಅದನ್ನು ಹಿಡಿಯುವುದಕ್ಕಾಗಲಿ, ಮಂಪರು ಬರಿಸುವುದಕ್ಕಾಗಲಿ, ಬೇರೆಡೆಗೆ ಸಾಗಿಸುವುದಕ್ಕಾಗಲಿ ಸಾಧ್ಯವೇ ಇಲ್ಲವೆಂದು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಮನದಟ್ಟಾಗಬೇಕು. 1994ರಲ್ಲಿ ಬಳ್ಳಾರಿ ಸೀಮೆಯ ದರೋಜಿಯಲ್ಲಿ ಕರಡಿಗಳಿಗಾಗಿಯೇ ಒಂದು ಧಾಮ ಏರ್ಪಟ್ಟಿತು.

ಹಾಗಾದರೆ ಕರಡಿಯ ಕಡೆಗೆ ಇಂದು ಯಾರೂ ಕೋವಿ ಎತ್ತುವುದಿಲ್ಲವೆ? ಎತ್ತುತ್ತಾರೆ, ಅದು ಮಂಪರಿನ ಕೋವಿ. ಕಾಡುಹಂದಿಗೆಂದು ಬೇಲಿಯಲ್ಲಿ ಕದ್ದು ಒಡ್ಡಿದ ತಂತಿಯ ಉರುಳಿಗೆ ಕರಡಿ ಸಿಕ್ಕಿಬಿದ್ದಾಗ, ಬಾವಿಗೆ ಬಿದ್ದಾಗ, ಪಶುವೈದ್ಯರು ಮದ್ದು ತುಂಬಿದ ಸೂಜಿಬಾಣವನ್ನು ಒತ್ತಿದ ಅನಿಲದ ಬಲದಿಂದ ಹಾರಿಸುತ್ತಾರೆ. ನ್ಯೂಜಿಲೆಂಡಿನ ಪಶುವೈದ್ಯ ಕಾಲಿನ್ ಮರ್ಡಾಕ್ 1950ರ ದಶಕದಲ್ಲಿ ಈ ಸಾಧನವನ್ನು ರೂಪಿಸಿದವರಲ್ಲಿ ಒಬ್ಬನು.

ಇದರ ಆಯ್ಕೆಯಲ್ಲಿ ಲೆಕ್ಕವೆಲ್ಲ ತಲೆಕೆಳಗಾಗುವುದನ್ನು ನೋಡಿ. ರೈಫಲಿನ ಗುಂಡು ತನ್ನ ಶಕ್ತಿಯನ್ನು ದೇಹದಲ್ಲಿ ಬಿಡಬೇಕು. ಬಾಣ ಆದಷ್ಟು ಕಡಿಮೆ ಬಿಡಬೇಕು, ಇಲ್ಲವಾದರೆ ಮೂಳೆ ಮುರಿದೀತು. 10 ಗ್ರಾಂ ತೂಕದ ಬಾಣ ಸೆಕೆಂಡಿಗೆ 60 ಮೀಟರು ವೇಗದಲ್ಲಿ ಹೋದರೆ ಅದರ ಶಕ್ತಿ 18 ಜೌಲ್, ರೈಫಲಿನ 240ನೆಯ ಒಂದು ಭಾಗ. ವೇಗ ಕಡಿಮೆಯಾದ್ದರಿಂದ ಇಪ್ಪತ್ತು ಮೀಟರಿಗೆ ಸೆಕೆಂಡಿನ ಮೂರರಲ್ಲೊಂದು ಭಾಗ ಹಿಡಿಯುತ್ತದೆ. ಅಷ್ಟರಲ್ಲಿ ಬಾಣ 54 ಸೆಂಟಿಮೀಟರು ಇಳಿಯುತ್ತದೆ. ರೈಫಲಿನವನಿಗೆ ಬೇಡವಾಗಿದ್ದ ದೂರದ ಅಂದಾಜು ಪಶುವೈದ್ಯರಿಗೆ ಅತ್ಯಗತ್ಯ. ಕರಡಿಯ ತೂಕವನ್ನೂ ಕಣ್ಣಳತೆಯಲ್ಲಿಯೇ ತಿಳಿಯಬೇಕು. ಮದ್ದು ಹೆಚ್ಚಾದರೆ ಉಸಿರು ನಿಂತೀತು, ಕಡಿಮೆಯಾದರೆ ಪ್ರಾಣಿ ನಡುವೆಯೇ ಎಚ್ಚೆತ್ತೀತು. ಮದ್ದು ಏರಲು ಹಲವು ನಿಮಿಷ ಬೇಕಾದುದರಿಂದ ಮೇಲೆ ಬೀಳುವ ಕರಡಿಯನ್ನು ತಡೆಯಲು ಇದೂ ಒದಗದು. ಸುತ್ತ ನೆರೆದ ಜನ ದೂರ ನಿಂತು ಮೌನವಾಗಿದ್ದರೆ ಅದೇ ಅವರು ಮಾಡಬಹುದಾದ ದೊಡ್ಡ ಸಹಾಯ.

ಉಳಿದ ರಕ್ಷಣೆಗೆ ಕೋವಿ ಬೇಡ. ಕರಡಿಯಿರುವ ಕಡೆ ಮುಂಜಾನೆಯ ಮತ್ತು ಮುಸ್ಸಂಜೆಯ ಮಬ್ಬಿನಲ್ಲಿ ಒಬ್ಬರೇ ಹೋಗಬಾರದು. ಜೊತೆಗೂಡಿ, ಮಾತಾಡುತ್ತ, ಕೋಲಿನಿಂದ ಸದ್ದುಮಾಡುತ್ತ ಹೋಗಬೇಕು. ಹೊಸದಾಗಿ ಬಗೆದ ಹುತ್ತ ಕಂಡರೆ, ಹಲಸು ಉದುರಿದ ಮರದಡಿ ಸದ್ದಾದರೆ, ಹಿಂದಿರುಗಬೇಕು. ಮರಿಯ ಹತ್ತಿರ ಹೋಗಲೇಬಾರದು. ಸದ್ದು ಕೇಳಿದ ಕರಡಿ ಐವತ್ತು ಮೀಟರು ದೂರದಲ್ಲಿಯೇ ದಾರಿ ಬಿಟ್ಟು ಸರಿದರೆ, ಯಾವ ರೈಫಲೂ ಕೊಡಲಾರದ ರಕ್ಷಣೆ ಆ ಮಾತಿನ ಸದ್ದಿನಿಂದ ದೊರೆತಂತಾಯಿತು.

ಮನನಕ್ಕೆ

1. 2.6 ಗ್ರಾಂ ತೂಕದ ಗುಂಡು ಸೆಕೆಂಡಿಗೆ 330 ಮೀಟರು ವೇಗದಲ್ಲಿ ಹೊರಟರೆ ಅದರ ಚಲನಶಕ್ತಿ ಎಷ್ಟು? ಹನ್ನೆರಡು ಬೋರಿನ ಗುಂಡಿಗೆ ಹೋಲಿಸಿ.

2. ಕರಡಿ 12 ಮೀಟರು ದೂರದಲ್ಲಿ ಮೊದಲು ಕಾಣಿಸಿಕೊಂಡರೆ, ಮೇಲಿನ ವೇಗಗಳ ಪ್ರಕಾರ, ಕುದುರೆ ಎಳೆಯುವ ಹೊತ್ತಿಗೆ ಅದು ಎಷ್ಟು ದೂರದಲ್ಲಿರುತ್ತದೆ?

3. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕಮಾಡಿ: ಸೆಕೆಂಡಿಗೆ 60 ಮೀಟರು ವೇಗದ ಸೂಜಿಬಾಣ 30 ಮೀಟರು ಹೋಗುವಷ್ಟರಲ್ಲಿ ಎಷ್ಟು ಇಳಿಯುತ್ತದೆ?

ಉತ್ತರಗಳು: (1) ಸುಮಾರು 142 ಜೌಲ್; ಹನ್ನೆರಡು ಬೋರಿನ ಗುಂಡಿನ ಹತ್ತೊಂಬತ್ತನೆಯ ಒಂದು ಭಾಗ. (2) ದೂರ ಉಳಿದಿರುವುದೇ ಇಲ್ಲ. (3) ಸುಮಾರು 1.2 ಮೀಟರು.